ಗಾಳಿ ಹೋದ ದಾರಿ

ಚೇಂಬರಿನ ಬಾಗಿಲು ಮುಚ್ಚಿದ ಮೇಲೆ, ಹಸಿರು ಗುಂಡಿ ಒತ್ತುವ ಮೊದಲು, ದೊಡ್ಡಕ್ಕ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು. ಕೈ ಮುಗಿಯುತ್ತಿರಲಿಲ್ಲ, ತುಟಿ ಅಲ್ಲಾಡುತ್ತಿರಲಿಲ್ಲ. ನೋಡಿದವರು ಗೇಜು ಓದುತ್ತಿದ್ದಾಳೆ ಅಂದುಕೊಳ್ಳಬೇಕು, ಹಾಗೆ. ಒಳಗೊಳಗೆ ಮಾತ್ರ ಒಂದೇ ಮಾತು: ದೇವರೇ, ಇದು ಯಾರ ಮೈಯೊಳಗೆ ಹೋಗುತ್ತದೋ ಅವರನ್ನು ಕಾಪಾಡು.

ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಒಂದು ಲಾರಿ ಹಿಡಿಸುವಷ್ಟು ದೊಡ್ಡ ಉಕ್ಕಿನ ಪೆಟ್ಟಿಗೆಯೇ ಚೇಂಬರ್. ಅದರೊಳಗೆ ಆಸ್ಪತ್ರೆಗೆ ಹೋಗುವ ಸಾಮಾನು ರಟ್ಟಿನ ಡಬ್ಬಿಗಳ ಸಮೇತ ಹೋಗುತ್ತದೆ. ಆಗತಾನೇ ಹುಟ್ಟಿದ ಕೂಸಿನ ಮೂಗಿಗೆ ಹಾಕುವ ಕೂದಲೆಳೆಯಂಥ ನಳಿಕೆ, ಹೃದಯದವರೆಗೆ ತೂರಿಸುವ ತಂತಿ, ಕಣ್ಣಿನ ಆಪರೇಷನ್ನಿನ ಸಾಮಾನು. ಇವನ್ನೆಲ್ಲ ಕುದಿಸಿದರೆ ಕರಗಿ ಮುದ್ದೆಯಾಗುತ್ತವೆ. ಅದಕ್ಕೇ ಒಂದು ಅನಿಲ ಬಿಡುತ್ತಾರೆ. ಅದು ರಟ್ಟು ದಾಟಿ, ಕಾಗದ ದಾಟಿ, ಪ್ಲಾಸ್ಟಿಕ್ಕಿನ ಒಳಕ್ಕೂ ಇಳಿದು ಒಂದು ಕ್ರಿಮಿಯನ್ನೂ ಉಳಿಸುವುದಿಲ್ಲ. ಬಣ್ಣವಿಲ್ಲ, ಸ್ವಲ್ಪ ಇದ್ದರೆ ಮೂಗಿಗೂ ತಿಳಿಯುವುದಿಲ್ಲ. ಆದರೆ ಕ್ರಿಮಿ ಕೊಲ್ಲುವ ಆ ಅನಿಲಕ್ಕೆ ಮನುಷ್ಯ ಯಾರು, ಕ್ರಿಮಿ ಯಾವುದು ಎಂಬ ಭೇದ ಗೊತ್ತಿರುವುದಿಲ್ಲ. ವರ್ಷಗಟ್ಟಲೆ ಇಷ್ಟಿಷ್ಟೇ ಉಸಿರಿಗೆ ಸೇರಿದರೂ ಕ್ಯಾನ್ಸರ್ ತರಬಹುದು ಎಂದು ಓದಿದವರು ಹೇಳುತ್ತಿದ್ದರು.

ಚೇಂಬರಿನಿಂದ ಹೊರಬಂದ ಡಬ್ಬಿಗಳನ್ನು ತಳ್ಳುಗಾಡಿಯ ಮೇಲೆ ಗಾಳಿಕೋಣೆಗೆ ಸಾಗಿಸುತ್ತಾರೆ. ಅದೊಂದು ಬೆಚ್ಚನೆಯ ದೊಡ್ಡ ಕೋಣೆ. ಪ್ಲಾಸ್ಟಿಕ್ಕು ತಾನು ಕುಡಿದ ಅನಿಲವನ್ನು ಅಲ್ಲಿ ಒಂದು ಹಗಲು ಒಂದು ರಾತ್ರಿ ಮೆಲ್ಲಗೆ ಬೆವರಿ ಹೊರಗೆ ಹಾಕಬೇಕು. ಇಲ್ಲದಿದ್ದರೆ ಅದು ರೋಗಿಯ ಮೈಗೇ ಹೋಗುತ್ತದೆ. ಹಿಂದಿನ ಕಾನೂನು ಚೇಂಬರಿನ ಅನಿಲವನ್ನಷ್ಟೇ ಕೇಳುತ್ತಿತ್ತು; ಅದನ್ನು ನೀರಿನ ಗೋಪುರದಲ್ಲಿ ತೊಳೆದರೆ ಮುಗಿಯಿತು. ಗಾಳಿಕೋಣೆಯದು ‘ಅಷ್ಟೇನಿಲ್ಲ ಬಿಡಿ’ ಎಂಬ ಲೆಕ್ಕ. ಹೊಸ ಕಾನೂನು ಬಂದ ಮೇಲೆ ಆ ಬೆವರನ್ನೂ ಹಿಡಿಯಬೇಕಾಯಿತು. ಕೋಣೆಯನ್ನು ಎಲ್ಲ ಕಡೆ ಬಿಗಿ ಮಾಡಿ, ಫ್ಯಾನಿನಿಂದ ಗಾಳಿ ಎಳೆದು, ಅನಿಲ ನುಂಗುವ ಕಾಳುಗಳು ತುಂಬಿದ ಪೆಟ್ಟಿಗೆಯ ಮೂಲಕ ಹಾಯಿಸಿ, ಆಮೇಲೆ ಚಿಮಣಿಗೆ ಬಿಡಬೇಕು. ಪೆಟ್ಟಿಗೆಗೆ ಮುಂಚೆ ಒಂದು ಮೀಟರು, ಚಿಮಣಿಯಲ್ಲೊಂದು ಮೀಟರು. ಚಿಮಣಿಯದು ಹತ್ತು ದಾಟಬಾರದು. ತಿಂಗಳ ಕೊನೆಯೊಳಗೆ ಪರೀಕ್ಷೆ ಪಾಸಾಗದಿದ್ದರೆ ಚೇಂಬರಿಗೆ ಬೀಗ.

ಈ ಕೆಲಸ ಹಿಡಿದವನು ದೊಡ್ಡಕ್ಕನ ಸ್ವಂತ ತಮ್ಮ. ತಗಡಿನ ಕೆಲಸದಲ್ಲಿ ಅವನಿಗೆ ಸಮ ಇಲ್ಲ, ಅದಕ್ಕೇ ಎಲ್ಲರ ಬಾಯಲ್ಲೂ ಅವನು ತಗಡಪ್ಪ. ಕೈಯಲ್ಲಿ ಕಸುಬಿದ್ದರೂ ಕಾಲಿಗೆ ನೆಲೆ ಇಲ್ಲದವನು. ಈ ಕಂಪನಿಯಲ್ಲಿ ಮೂರು ತಿಂಗಳು, ಆ ಕಂಪನಿಯಲ್ಲಿ ಆರು ತಿಂಗಳು. ಈ ಸಲ ಮ್ಯಾನೇಜರು, “ಪರೀಕ್ಷೆ ಪಾಸ್ ಮಾಡ್ಸು, ನಿನ್ನ ಇಲ್ಲೇ ಖಾಯಂ ಮಾಡ್ಕೋತೀನಿ” ಅಂದಿದ್ದರು. ತಗಡಪ್ಪ ಎರಡು ತಿಂಗಳು ಊಟ ನಿದ್ದೆ ಮರೆತು ದುಡಿದ. ಕಿಟಕಿ ಮುಚ್ಚಿದ, ಸಂದಿಗೆಲ್ಲ ಅಂಟು ಬಳಿದ, ಕೊಳವೆ ಎಳೆದ. ಕೋಣೆ ಖಾಲಿ ಇದ್ದಾಗ ಫ್ಯಾನ್ ಹಾಕಿ ಒಂದೊಂದು ಸಂದಿಗೂ ನೂಲಿನ ಎಳೆ ಹಿಡಿದು ನೋಡಿದ. ಎಳೆಗಳೆಲ್ಲ ಒಳಕ್ಕೇ ಬಾಗಿದವು. ಅಂದರೆ ಗಾಳಿ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ.

ಸೋಮವಾರ ತುಂಬಿದ ಕೋಣೆಯಲ್ಲಿ ಮೊದಲ ಪ್ರಯೋಗ. ಗುರುವಾರ ಅಧಿಕಾರಿ ಬರುವವರಿದ್ದರು. ಮಧ್ಯಾಹ್ನ ಚಿಮಣಿಯ ಮೀಟರು ಒಂದೂವರೆ ತೋರಿಸಿತು.

“ಒಂದೂವರೆ!” ಮ್ಯಾನೇಜರು ಕುರ್ಚಿಯಿಂದ ಎದ್ದೇಬಿಟ್ಟರು. “ಹತ್ತರ ಜಾಗದಲ್ಲಿ ಒಂದೂವರೆ! ತಗಡಪ್ಪಾ, ನೀನು ಮನುಷ್ಯನೋ ಏನೋ?”

“ಮನುಷ್ಯನೇ ಸಾರ್, ಖಾಯಂ ಆರ್ಡರ್ ಕೈಗೆ ಬರೋವರೆಗೂ,” ಅಂದ ತಗಡಪ್ಪ. ಎಲ್ಲರೂ ನಕ್ಕರು.

ದೊಡ್ಡಕ್ಕನೂ ನಕ್ಕಳು. ನಗುತ್ತಲೇ ಅವಳ ಕಣ್ಣು ಇನ್ನೊಂದು ಮೀಟರಿನ ಮೇಲೆ, ಕಾಳಿನ ಪೆಟ್ಟಿಗೆಗೂ ಮುಂಚಿನದರ ಮೇಲೆ ಬಿತ್ತು. ಅಲ್ಲೂ ತೀರಾ ಕಡಿಮೆ. ಕಾಳು ಇನ್ನೂ ಮುಟ್ಟದ ಗಾಳಿ ಅದು. ಡಬ್ಬಿಗಳು ಒಳಗೆ ಹೋದ ಮೊದಲ ನಾಲ್ಕು ಗಂಟೆ ಜೋರಾಗಿ ಬೆವರುವ ಹೊತ್ತು; ಆಗ ಆ ಮುಳ್ಳು ಮೇಲಕ್ಕೆ ಹಾರಬೇಕಿತ್ತು. ಅದು ತೂಕಡಿಸುತ್ತ ಕೂತಿತ್ತು.

ಅವಳು ಲ್ಯಾಬಿಗೆ ಹೋದಳು. ಅಲ್ಲಿಯ ಹುಡುಗಿ ನಳಿಕೆಯ ತುಂಡು ಕತ್ತರಿಸಿ, ಅದರಲ್ಲಿ ಎಷ್ಟು ಅನಿಲ ಉಳಿದಿದೆ ಎಂದು ಅಳೆಯುವವಳು.

“ಮಗಾ, ಬೆಳಿಗ್ಗೆ ಒಳಗೆ ಹೋಗೋವಾಗ ಎಷ್ಟಿತ್ತು, ಈಗೆಷ್ಟಿದೆ?”

“ಮುಕ್ಕಾಲು ಪಾಲು ಹೋಗಿದೆ ದೊಡ್ಡಕ್ಕ. ಚೆನ್ನಾಗೇ ಇಳಿದಿದೆ. ಯಾಕೆ?”

“ಏನಿಲ್ಲ. ಹೋಗಿದ್ದು ಎಲ್ಲಿಗೆ ಹೋಯ್ತು ಅಂತ.”

ಹುಡುಗಿ ನಕ್ಕಳು. “ಗಾಳಿಗೆ!”

ಆ ಮಾತು ದೊಡ್ಡಕ್ಕನ ಜೊತೆಗೇ ಮನೆಗೆ ಬಂತು. ದೇವರ ಸೃಷ್ಟಿಯಲ್ಲಿ ಯಾವುದೂ ಇಲ್ಲದಂತಾಗುವುದಿಲ್ಲ ಎಂದು ನಂಬಿದವಳು ಅವಳು. ಕಣ್ಣಿಗೆ ಕಾಣದ್ದು ಇನ್ನೆಲ್ಲೋ ಇರುತ್ತದೆ, ಅಷ್ಟೇ. ಸಂಜೆ ತಮ್ಮ ಕಾಲು ತೊಳೆದುಕೊಂಡು ಒಳಗೆ ಬರುವುದೇ ತಡ, ಕೇಳಿಯೇಬಿಟ್ಟಳು.

“ಲೋ, ನಿನ್ನ ಕೊಳವೆ ಎಲ್ಲಾದ್ರೂ ಸೋರ್ತಾ ಇದ್ಯೇನೋ?”

ತಗಡಪ್ಪನ ಮುಖ ಕೆಂಪಾಯಿತು. “ಊರೆಲ್ಲ ಭೇಷ್ ಅಂತು. ನಿನಗೊಬ್ಬಳಿಗೆ ಹೊಟ್ಟೆಗೆ ಇಳೀಲಿಲ್ಲ ಅಲ್ವಾ?”

“ಹಾಗಲ್ವೋ. ಒಂದೂವರೆ ತುಂಬಾ ಕಡಿಮೆ ಆಯ್ತು.”

“ಕಡಿಮೆ ಆದ್ರೂ ತಪ್ಪಾ? ಹೆಚ್ಚಾದ್ರೆ ಬೈತಿದ್ರಿ, ಕಡಿಮೆ ಆದ್ರೂ ಬೈತೀರಾ. ನಾನು ಸರಿಯಾಗಿ ಒಂದು ಕೆಲಸ ಮಾಡಿದ್ದು ನೋಡಿದ ಅಭ್ಯಾಸ ಇಲ್ಲ ನಿನಗೆ, ಅದಕ್ಕೇ ಹೀಗೆ.”

ದೊಡ್ಡಕ್ಕ ತಟ್ಟೆ ಇಟ್ಟು ಬಡಿಸಿದಳು. ಅವನು ತಲೆ ಎತ್ತದೆ ಉಂಡ. ಚಿಕ್ಕವನಿದ್ದಾಗ ಸಿಟ್ಟು ಬಂದರೆ ಹೀಗೇ ಉಣ್ಣುತ್ತಿದ್ದ, ಕಿವಿ ಅಲ್ಲಾಡುವ ಹಾಗೆ ಅಗಿಯುತ್ತ. ಇವನ ಕೆಲಸದಲ್ಲಿ ಸೋರಿಕೆ ಇದ್ದರೆ ಅದನ್ನು ಹುಡುಕಿ ತೋರಿಸುವವಳು ನಾನೇ ಆಗಬೇಕಲ್ಲ ಎಂದುಕೊಂಡಳು.

ಮಂಗಳವಾರ ಬೆಳಗಿನ ಗಾಡಿಗಳು ಗಾಳಿಕೋಣೆಗೆ ಹೋದ ಮೇಲೆ ಅವಳು ಕಾರ್ಖಾನೆಯ ಸುತ್ತ ಒಂದು ಸುತ್ತು ಹಾಕಲು ಹೊರಟಳು. ಕೈಯಲ್ಲಿ ಅನಿಲ ಅಳೆಯುವ ಚಿಕ್ಕ ಯಂತ್ರ. ಕೊಳವೆಯ ಒಂದೊಂದು ಬೆಸುಗೆಗೂ ಹಿಡಿದಳು. ಸೊನ್ನೆ. ಗೋಡೆಯುದ್ದಕ್ಕೂ ಸೊನ್ನೆ. ತಮ್ಮನ ಕೆಲಸ ಗಟ್ಟಿಯಾಗಿತ್ತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಕೊನೆಗೆ ಉಳಿದದ್ದು ಹಿಂದಿನ ಓಣಿ.

ಆ ಓಣಿಗೆ ಅವಳು ಕಾಲಿಟ್ಟು ವರ್ಷಗಳಾಗಿದ್ದವು. ಒಂದು ಕಡೆ ಕಾರ್ಖಾನೆಯ ಎತ್ತರದ ಗೋಡೆ, ಇನ್ನೊಂದು ಕಡೆ ಒತ್ತಾಗಿ ಹತ್ತು ಹನ್ನೆರಡು ಮನೆ. ಗಾಳಿಕೋಣೆಯ ಹಿಂಬಾಗಿಲಿನ ಎದುರಿಗೇ, ಮೂರೇ ಮಾರು ದೂರದಲ್ಲಿ, ಒಬ್ಬಳು ಹೊಲಿಗೆ ಯಂತ್ರ ತುಳಿಯುತ್ತ ಕೂತಿದ್ದಳು. ತಲೆಯ ಮೇಲೆ ಹಗ್ಗ ಕಟ್ಟಿ ಒಗೆದ ಬಟ್ಟೆ ನೇತುಹಾಕಿತ್ತು.

“ಬನ್ನಿ ಅಕ್ಕ, ರವಿಕೆಗೆ ಅಳತೆನಾ?” ಅಂದಳು ಟೈಲರಮ್ಮ, ಬಾಯಲ್ಲಿದ್ದ ಗುಂಡುಪಿನ್ನು ತೆಗೆದು.

“ಇಲ್ಲ ತಾಯಿ. ನಾನು ಈ ಫ್ಯಾಕ್ಟರಿಯವಳು.”

“ಹೌದಾ! ಹಾಗಾದ್ರೆ ನಿಮಗೆ ನಾನು ಬಾಡಿಗೆ ಕೊಡ್ಬೇಕು ನೋಡಿ.” ಟೈಲರಮ್ಮ ನಕ್ಕಳು. “ನಿಮ್ಮ ಆ ಬಾಗಿಲು ಇದೆಯಲ್ಲ, ಬೆಳಿಗ್ಗೆ ಗಾಡಿ ತಳ್ಳೋ ಸದ್ದು ಕೇಳಿದ ತಕ್ಷಣ ಅದರಿಂದ ಬೆಚ್ಚಗೆ ಗಾಳಿ ಬರುತ್ತೆ. ಸಂಜೆವರೆಗೂ ಬರುತ್ತೆ. ಚಳಿಗಾಲದಲ್ಲಿ ಇಡೀ ಓಣಿ ಇಲ್ಲೇ. ನನ್ನ ಮಗಳು ಓದಿದ್ದು ಇಲ್ಲೇ, ಪಕ್ಕದ ಮನೆ ಅಜ್ಜಿ ಕಾಲು ಚಾಚಿ ಕೂರೋದೂ ಇಲ್ಲೇ. ಒದ್ದೆ ಬಟ್ಟೆ ಒಂದು ತಾಸಿಗೆ ಗರಿಗರಿ ಒಣಗುತ್ತೆ. ಯಾರು ತೆಗೆದಿಟ್ರೋ ಆ ಬಾಗಿಲು, ಅವರ ಹೊಟ್ಟೆ ತಣ್ಣಗಿರಲಿ.”

ದೊಡ್ಡಕ್ಕ ತಿರುಗಿ ನೋಡಿದಳು. ಕಬ್ಬಿಣದ ಬಾಗಿಲು. ಅದರ ಮೇಲೆ ಕೆಂಪು ಅಕ್ಷರದಲ್ಲಿ ‘ಸದಾ ಮುಚ್ಚಿರತಕ್ಕದ್ದು’. ಬಾಗಿಲು ಒಂದು ಗೇಣು ತೆರೆದಿತ್ತು. ಕೆಳಗೆ ನೆಲಕ್ಕೂ ಬಾಗಿಲಿಗೂ ನಡುವೆ ಸವೆದು ನುಣುಪಾದ ಒಂದು ಮರದ ಬೆಣೆ.

ಆ ಬೆಣೆಯನ್ನು ಅವಳೇ ಕೆತ್ತಿದ್ದು.

ಹನ್ನೆರಡು ವರ್ಷದ ಹಿಂದೆ ಗಾಡಿ ತಳ್ಳುವವನೊಬ್ಬ ಗಾಳಿಕೋಣೆಯಲ್ಲಿ ಕಣ್ಣುರಿ ತಲೆಸುತ್ತು ಬಂದು ಕುಸಿದು ಕೂತಿದ್ದ. ಅವನನ್ನು ಎಳೆದು ಹೊರಗೆ ತಂದವಳು ಅವಳು. ಅವತ್ತೇ ಒಂದು ಹಲಗೆಯ ತುಂಡು ಕೆತ್ತಿ ಹಿಂಬಾಗಿಲಿಗೆ ಕೊಟ್ಟು, “ಗಾಡಿ ಒಳಗೆ ಹೋದಾಗೆಲ್ಲ ಇದು ಹೀಗೇ ಇರ್ಲಿ, ನಮ್ಮ ಜನ ಉಸಿರಾಡ್ಬೇಕು” ಅಂದಿದ್ದಳು. ಅಲ್ಲಿಂದ ಮೂರೂ ಪಾಳಿಯವರಿಗೆ ಅದೇ ರೂಢಿ. ಮೊದಲ ಗಾಡಿ ತಳ್ಳಿದವನ ಕಾಲು ತಾನಾಗಿ ಬೆಣೆಯನ್ನು ಒದ್ದು ಸಿಕ್ಕಿಸುತ್ತಿತ್ತು. ಸಂಜೆ ಪಾಳಿಯವರ ಕಾಲು ತಾನಾಗಿ ತೆಗೆಯುತ್ತಿತ್ತು. ಈಚೆಗೆ ಅದು ಯಾರ ತಲೆಗೂ ಹೋಗುತ್ತಿರಲಿಲ್ಲ, ಅವಳ ತಲೆಗೂ. ತಗಡಪ್ಪ ಕೆಲಸ ಮಾಡಿದ್ದೆಲ್ಲ ಕೋಣೆ ಖಾಲಿ ಇದ್ದಾಗ, ಬಾಗಿಲು ಮುಚ್ಚಿದ್ದಾಗ. ಅವನು ಬೆಣೆಯ ಮುಖವನ್ನೇ ಕಂಡಿರಲಿಲ್ಲ. ಬಿಸಿಗಾಳಿ ಬೀಸುವ ಬ್ಲೋವರ್ ಈ ಬಾಗಿಲ ಪಕ್ಕದಲ್ಲಿ, ಫ್ಯಾನು ಎಳೆಯುವ ಬಾಯಿ ಕೋಣೆಯ ಆ ತುದಿಯಲ್ಲಿ. ಹತ್ತಿರದ ದಾರಿ ಬಿಟ್ಟು ಗಾಳಿ ಯಾಕೆ ದೂರ ಹೋದೀತು?

ಕೈಯಲ್ಲಿದ್ದ ಯಂತ್ರ ಕಿರುಗುಟ್ಟಿತು.

“ಏನದು ಅಕ್ಕ, ಮೊಬೈಲಾ?” ಅಂದಳು ಟೈಲರಮ್ಮ.

“ಇಲ್ಲ ತಾಯಿ,” ಅಂದಳು ದೊಡ್ಡಕ್ಕ. “ಇವತ್ತು ಒಳಗೆ ಕೂತು ಹೊಲೀರಿ. ಬಾಗಿಲು ಮುಚ್ಕೊಂಡು. ಆ ಅಜ್ಜಿಗೂ ಹೇಳಿ. ನಾನು ಮತ್ತೆ ಬಂದು ಎಲ್ಲ ಹೇಳ್ತೀನಿ, ಖಂಡಿತ ಬರ್ತೀನಿ.”

ಅವಳು ಬಗ್ಗಿ ಬೆಣೆ ಕಿತ್ತಳು. ಬಾಗಿಲು ನಿಟ್ಟುಸಿರು ಬಿಟ್ಟಂತೆ ಮುಚ್ಚಿಕೊಂಡಿತು.

ಕಾರ್ಖಾನೆಯೊಳಗೆ ಕೈಕಾಲು ತೊಳೆಯುವ ನಲ್ಲಿಯ ಹತ್ತಿರ ಒಂದು ಕಲ್ಲುಬೆಂಚಿದೆ. ಅಲ್ಲಿ ಕೂತಳು. ಇಪ್ಪತ್ತೆರಡು ವರ್ಷದಿಂದ ದಿನಾ ಪ್ರಾರ್ಥನೆ ಮಾಡಿದ್ದಳು, ಎಲ್ಲೋ ದೂರದ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ, ತಾನೆಂದೂ ನೋಡದ ಯಾರಿಗೋಸ್ಕರವೋ. ಮೂರು ಮಾರು ದೂರದ ಹೊಲಿಗೆ ಯಂತ್ರದವಳು ಆ ಪ್ರಾರ್ಥನೆಯಲ್ಲಿ ಒಂದು ದಿನವೂ ಬಂದಿರಲಿಲ್ಲ. ತನ್ನವರ ಉಸಿರಿಗೆಂದು ತೆರೆದ ಬಾಗಿಲು ಇನ್ಯಾರದೋ ಉಸಿರಿಗೆ ತೆರೆದುಕೊಂಡಿತ್ತು. ‘ದೇವರೇ, ನನ್ನ ಕಣ್ಣು ಅಷ್ಟೊಂದು ದೂರ ಇಟ್ಟೆಯಲ್ಲ’ ಅಂದುಕೊಂಡಳು. ಆಮೇಲೆ ಅದೂ ತಪ್ಪೆನಿಸಿತು. ಕಣ್ಣು ಇಟ್ಟವನು ಸರಿಯಾಗೇ ಇಟ್ಟಿದ್ದ. ನೋಡದೆ ಹೋದವಳು ತಾನು.

ಮೊದಲು ಹೇಳಿದ್ದು ತಮ್ಮನಿಗೆ. ಬೆಣೆಯನ್ನು ಅವನ ಕೈಗಿಟ್ಟು ಎಲ್ಲ ಹೇಳಿದಳು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

“ಅಂದ್ರೆ ನಿನ್ನೆಯ ಒಂದೂವರೆ...”

“ಸುಳ್ಳು ಕಣೋ. ಗಾಳಿ ಚಿಮಣಿಗೆ ಬರ್ಲೇ ಇಲ್ಲ.”

ಇಬ್ಬರೂ ಮೀಟರಿನ ಮುಂದೆ ಹೋಗಿ ನಿಂತರು. ಹಿಂಬಾಗಿಲು ಮುಚ್ಚಿ ಅರ್ಧ ಗಂಟೆಯಾಗಿತ್ತು. ಪೆಟ್ಟಿಗೆಯ ಮುಂಚಿನ ಮುಳ್ಳು ನಿದ್ದೆಯಿಂದ ಎದ್ದಂತೆ ಮೇಲೇರಿ ಕೂತಿತ್ತು. ಚಿಮಣಿಯದು ನಾಲ್ಕಾಯಿತು, ಒಂಬತ್ತಾಯಿತು, ಹನ್ನೆರಡಾಯಿತು. ಹದಿನೇಳಕ್ಕೆ ಬಂದು ನಿಂತಿತು.

ತಗಡಪ್ಪ ಇದ್ದಕ್ಕಿದ್ದಂತೆ ನಕ್ಕುಬಿಟ್ಟ. “ಅಕ್ಕಾ! ಅಷ್ಟೂ ಬಂತು ನೋಡೇ! ಒಂದು ಚೂರೂ ಎಲ್ಲೂ ಸೋರಿಲ್ಲ. ನನ್ನ ಕೊಳವೆ ಗಟ್ಟಿ.” ನಗು ಅರ್ಧಕ್ಕೇ ಆರಿತು. “ಆದ್ರೆ ಇಷ್ಟನ್ನ ನುಂಗೋಕೆ ಒಂದು ಪೆಟ್ಟಿಗೆ ಸಾಲಲ್ಲ. ಕಾಳು ಇನ್ನೊಂದು ಪೆಟ್ಟಿಗೆ ಬೇಕು. ಬರೋಕೇ ಒಂದು ವಾರ. ಗುರುವಾರ ಹೇಗೆ...” ಅವನು ಅಕ್ಕನ ಮುಖ ನೋಡಿದ. “ನನ್ನ ಖಾಯಂ ಹೋಯ್ತು ಅಂತ ಕಾಣುತ್ತೆ.”

“ನನ್ನಿಂದ ಹೋಗ್ತಿದೆ, ನಿನ್ನಿಂದಲ್ಲ. ಅದನ್ನೂ ಹೇಳ್ತೀನಿ.”

ಮ್ಯಾನೇಜರು ಕೆಟ್ಟವರಲ್ಲ. ಎಲ್ಲ ಕೇಳಿಸಿಕೊಂಡು ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲೆ ತಗ್ಗಿದ ದನಿಯಲ್ಲಿ ಅಂದರು:

“ದೊಡ್ಡಕ್ಕ, ನೀವು ನಮ್ಮ ಮನೆ ಹಿರಿಯರಿದ್ದ ಹಾಗೆ. ಒಂದು ಮಾತು. ಗುರುವಾರ ಒಂದೇ ಒಂದು ದಿನ ಆ ಬೆಣೆ ಇದ್ದಲ್ಲೇ ಇರ್ಲಿ. ಪಾಸಾಗ್ಲಿ. ಶುಕ್ರವಾರವೇ ಕಿತ್ತುಹಾಕಿ. ಎರಡನೇ ಪೆಟ್ಟಿಗೆಗೆ ಈಗ್ಲೇ ಹೇಳಿ ಕಳಿಸ್ತೀನಿ, ದೇವರಾಣೆ. ನಾನು ಮೋಸ ಮಾಡಿ ಅಂತಿಲ್ಲ, ಸ್ವಲ್ಪ ಹಿಂದೆಮುಂದೆ ಮಾಡಿ ಅಂತಿದ್ದೀನಿ. ಬೀಗ ಬಿದ್ರೆ ಆಸ್ಪತ್ರೆಗಳಲ್ಲಿ ಆ ಕೂಸುಗಳ ನಳಿಕೆಗೆ ಏನು ಮಾಡ್ತಾರೆ? ಅದನ್ನೂ ಯೋಚಿಸಿ.”

ದೊಡ್ಡಕ್ಕನಿಗೆ ಅದು ಬರೀ ನೆಪದ ಮಾತೆನಿಸಲಿಲ್ಲ. ಕೂಸುಗಳು ನಿಜ. ತಮ್ಮನೂ ನಿಜ, ಬಾಗಿಲ ಬಳಿ ಟೋಪಿ ಹಿಡಿದು ನಿಂತಿದ್ದ ಅವನ ಮುಖದಲ್ಲಿ ಆಸೆ ಒಂದು ಕ್ಷಣ ಮಿಂಚಿ ಹೋದದ್ದನ್ನು ಅವಳು ಕಂಡಳು. ಬೆಣೆ ಇನ್ನೊಂದೇ ದಿನ. ಹನ್ನೆರಡು ವರ್ಷದಲ್ಲಿ ಒಂದು ದಿನ ಯಾವ ಲೆಕ್ಕ?

“ಇಷ್ಟು ವರ್ಷ ಗೊತ್ತಿಲ್ಲದೆ ಇಟ್ಟೆ ಸಾರ್,” ಅಂದಳು ಕೊನೆಗೆ. “ಅದಕ್ಕೆ ದೇವರ ಹತ್ರ ಏನಾದ್ರೂ ಹೇಳ್ಕೋಬಹುದು. ಗೊತ್ತಿದ್ದೂ ಒಂದು ದಿನ ಇಟ್ರೆ ಏನು ಹೇಳ್ಕೊಳ್ಲಿ? ಆಮೇಲೆ ಆ ಹೆಂಗಸು ಬೇರೆ ನನ್ನ ಹೊಟ್ಟೆ ತಣ್ಣಗಿರಲಿ ಅಂದಿದ್ದಾಳೆ.”

“ಹೇಳಿದ್ರೆ ಕಾಗದದಲ್ಲಿ ನಿಮ್ಮ ಹೆಸರೇ ಬರುತ್ತೆ.”

“ಬರ್ಲಿ. ಬೆಣೆ ನಂದೇ ತಾನೇ.”

ಮ್ಯಾನೇಜರು ಕಿಟಕಿಯ ಕಡೆ ತಿರುಗಿ ನಿಂತರು. ತಗಡಪ್ಪ ಟೋಪಿ ಹಾಕಿಕೊಂಡು ಹೊರಗೆ ಹೋದ.

ಅವತ್ತು ರಾತ್ರಿ ಅವನು ಊಟಕ್ಕೆ ಮನೆಗೆ ಬರಲಿಲ್ಲ. ಆದರೆ ಬುಧವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಬಂದಾಗ ಹಿಂಬಾಗಿಲಿಗೆ ಹೊಸ ರಬ್ಬರಿನ ಅಂಚು ಬಂದಿತ್ತು, ಮೇಲೊಂದು ಚಿಕ್ಕ ಗಂಟೆಯ ಯಂತ್ರ ಕೂತಿತ್ತು. ಬಾಗಿಲು ಬೆರಳಷ್ಟು ತೆರೆದರೂ ಇಡೀ ಕಾರ್ಖಾನೆ ಬೆಚ್ಚಿಬೀಳುವ ಹಾಗೆ ಕೂಗುವಂಥದ್ದು. “ಏನೋ ಇದು?” ಅಂದರೆ, “ನಿಮ್ಮವರ ಕಾಲಿನ ಮೇಲೆ ನನಗೆ ನಂಬಿಕೆ ಇಲ್ಲ” ಅಂದ, ಮುಖ ಗಂಟಿಕ್ಕಿಕೊಂಡೇ. ದೊಡ್ಡಕ್ಕನಿಗೆ ಅಷ್ಟು ಸಾಕಾಯಿತು.

ಗುರುವಾರ ಬಂದ ಅಧಿಕಾರಿ ಐವತ್ತರ ಆಸುಪಾಸಿನ ಹೆಂಗಸು. ಕಾಲಲ್ಲಿ ದಪ್ಪ ಬೂಟು, ಹೆಗಲಿಗೆ ಹಳೇ ಚೀಲ. ಚಿಮಣಿಯ ಏಣಿಯನ್ನು ತಾನೇ ಹತ್ತಿ, ಮೀಟರು ಹದಿನೇಳು ತೋರಿಸುವುದನ್ನು ಬರೆದುಕೊಂಡು ಇಳಿದರು. ಕೆಳಗೆ ಬರುತ್ತಲೇ ದೊಡ್ಡಕ್ಕ ಎದುರಿಗೆ ಹೋಗಿ ನಿಂತು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ನಡುವೆ ತೊದಲಲಿಲ್ಲ, ಅಳಲಿಲ್ಲ. ಅಧಿಕಾರಿ ಕಾರ್ಖಾನೆಯ ನಕ್ಷೆ ಬಿಡಿಸಿ ಬೆರಳಿಟ್ಟರು.

“ಇಲ್ಲಿ ಈ ಬಾಗಿಲು ಮುಚ್ಚಿದೆ ಅಂತ ಬರೆದಿದೆ. ನೀವು ಬೆಣೆ ತೆಗೀದಿದ್ರೆ ನಾನು ಅದನ್ನೇ ನಂಬಿ ಪಾಸು ಬರೆದು ಹೋಗಿಬಿಡ್ತಿದ್ದೆ,” ಅಂದರು. ಪೆನ್ನು ತೆಗೆದು ಆ ಬಾಗಿಲಿಗೆ ಸುತ್ತು ಹಾಕಿದರು. “ಇನ್ಮೇಲೆ ಎಲ್ಲಿ ಹೋದ್ರೂ ಮೊದಲು ಹಿಂದಿನ ಓಣಿ ನೋಡ್ತೀನಿ.”

“ಈಗ ಬೀಗನಾ ಮೇಡಂ?” ಅಂದರು ಮ್ಯಾನೇಜರು.

“ಇವತ್ತಿನ ಪರೀಕ್ಷೆ ಫೇಲು. ಅದಂತೂ ಬರೀಲೇಬೇಕು. ತಿಂಗಳ ಕೊನೆಗೆ ಇನ್ನೂ ಹದಿನಾರು ದಿನ ಇದೆ. ಅಷ್ಟರೊಳಗೆ ಮತ್ತೊಮ್ಮೆ ಬರ್ತೀನಿ. ಅಲ್ಲಿಯವರೆಗೆ ಚಿಮಣಿ ಹತ್ತು ದಾಟೋ ಹಾಗಿಲ್ಲ. ಹೇಗೆ ನಡೆಸ್ತೀರೋ ನೀವೇ ಹೇಳಿ.”

ದೊಡ್ಡಕ್ಕ ಅಂದಳು: “ಅರ್ಧ ಕೋಣೆ ತುಂಬಿಸಿದ್ರೆ ಅರ್ಧವೇ ಬೆವರುತ್ತೆ ಮೇಡಂ. ಒಂದು ಪೆಟ್ಟಿಗೆ ಅಷ್ಟನ್ನ ನುಂಗುತ್ತೆ. ಮೊದಲು ಕೂಸುಗಳ ನಳಿಕೆ, ಹೃದಯದ ಸಾಮಾನು. ಕೈಗವಸು, ಟೋಪಿ ಇಂಥವು ಕಾಯ್ಲಿ. ಆಮೇಲೆ ಗಾಡಿ ತಳ್ಳೋರು ಫ್ಯಾನ್ ಎಳೆದು ಮುಗಿಸೋವರೆಗೂ ಒಳಗೆ ಹೋಗೋದು ಬೇಡ, ಹೋದ್ರೂ ಹೊರಗಿನ ಗಾಳಿ ಕೊಳವೆಯಲ್ಲಿ ಬರೋ ಮುಖವಾಡ ಹಾಕ್ಕೊಂಡೇ ಹೋಗ್ಲಿ. ಅವರಿಗೋಸ್ಕರ ತಾನೇ ನಾನು ಬಾಗಿಲು ತೆಗೆದಿದ್ದು.”

ಅಧಿಕಾರಿ ಅದನ್ನೆಲ್ಲ ಬರೆದುಕೊಂಡರು. ಓಣಿಯಲ್ಲಿ ಆರು ಕಡೆ ಗಾಳಿ ಹಿಡಿದು ಪರೀಕ್ಷಿಸುವ ಡಬ್ಬಿ ಇಡಿಸುತ್ತೇನೆ, ಓಣಿಯವರಿಗೂ ಕೆಲಸಗಾರರಿಗೂ ಕಂಪನಿ ವರ್ಷವರ್ಷ ವೈದ್ಯರ ತಪಾಸಣೆ ಮಾಡಿಸಬೇಕು ಅಂದರು. ದೊಡ್ಡಕ್ಕನಿಗೆ ಲಿಖಿತ ಎಚ್ಚರಿಕೆ. ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಅಕ್ಷರ ಅಕ್ಷರ ಬಿಡಿಸಿ ರುಜು ಹಾಕಿದಳು.

ಅದಕ್ಕಿಂತ ಕಷ್ಟದ್ದು ಇನ್ನೂ ಉಳಿದಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಓಣಿಗೆ ಹೋದಳು. ಟೈಲರಮ್ಮ ಒಳಮನೆಯಲ್ಲಿ ದೀಪ ಹಾಕಿಕೊಂಡು ಹೊಲಿಯುತ್ತಿದ್ದಳು. ದೊಡ್ಡಕ್ಕ ಹೊಸಿಲಾಚೆ ನಿಂತೇ ಹೇಳಿದಳು. ಅನಿಲ ಏನು, ಅದೇನು ಮಾಡಬಲ್ಲದು, ಬಾಗಿಲು ತೆಗೆದವರು ಯಾರು. ಯಂತ್ರ ನಿಂತಿತು.

“ಹನ್ನೆರಡು ವರ್ಷನಾ?”

“ಹೌದು ತಾಯಿ.”

“ನನ್ನ ಮಗಳಿಗೀಗ ಹದಿನಾಲ್ಕು.”

ದೊಡ್ಡಕ್ಕ ತಲೆ ತಗ್ಗಿಸಿದಳು. “ಏನೂ ಆಗಿರ್ಲಿಕ್ಕಿಲ್ಲ, ಆಗಲೇಬೇಕು ಅಂತೇನಿಲ್ಲ ಅಂತಾರೆ. ಆದ್ರೆ ಏನೂ ಆಗಿಲ್ಲ ಅಂತ ನಾನು ಹೇಳ್ಲಾರೆ. ಡಾಕ್ಟ್ರು ನೋಡ್ತಾರೆ. ನಾನೇ ಜೊತೆಗಿದ್ದು ಕರ್ಕೊಂಡು ಹೋಗ್ತೀನಿ.”

ಟೈಲರಮ್ಮ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. “ಈಗ ಹೋಗಿ ಅಕ್ಕ. ಏನಾದ್ರೂ ಅಂದುಬಿಟ್ಟೇನು.”

ಮರುದಿನ ಓಣಿಯವರು ಗೇಟಿಗೆ ಬಂದರು. ಕೂಗಾಡಿದರು, ಕೂಗಾಡುವ ಹಕ್ಕು ಅವರಿಗಿತ್ತು. ಮ್ಯಾನೇಜರು ಒಳಗೆ ಅವಿತುಕೊಳ್ಳದೆ ಹೊರಗೆ ಬಂದು ಬಿಸಿಲಲ್ಲಿ ನಿಂತು ಕೇಳಿಸಿಕೊಂಡರು. ಪಕ್ಕದಲ್ಲಿ ದೊಡ್ಡಕ್ಕ ನಿಂತಳು. ಕರೆಯದಿದ್ದರೂ ತಗಡಪ್ಪ ಬಂದು ಅಕ್ಕನ ಇನ್ನೊಂದು ಪಕ್ಕಕ್ಕೆ ನಿಂತ. ಒಬ್ಬ, “ಇವನ್ಯಾರು?” ಅಂದದ್ದಕ್ಕೆ, “ಬಾಗಿಲು ತೆಗೆದವಳ ತಮ್ಮ, ಮುಚ್ಚಿದವನು,” ಅಂದ.

ಎರಡನೇ ಪೆಟ್ಟಿಗೆ ಎಂಟನೇ ದಿನಕ್ಕೆ ಬಂತು. ತಗಡಪ್ಪ ಮೂರು ದಿನ ಅದರ ಹೊಟ್ಟೆಯೊಳಗೇ ಸಂಸಾರ ಮಾಡಿದ. ಓಣಿಯ ಜನರಲ್ಲಿ ಮೊದಲ ಏಳು ಮನೆಯವರ ತಪಾಸಣೆ ಅಷ್ಟರಲ್ಲಿ ಮುಗಿದಿತ್ತು. ರಕ್ತದಲ್ಲಿ ಸದ್ಯಕ್ಕೆ ಹೆದರುವಂಥದ್ದೇನೂ ಕಂಡಿಲ್ಲ, ವರ್ಷವರ್ಷ ನೋಡುತ್ತಿರೋಣ ಅಂದಿದ್ದರು ವೈದ್ಯರು. ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಟೈಲರಮ್ಮನ ಮಗಳ ಪಕ್ಕ ದೊಡ್ಡಕ್ಕ ಕೂತಿದ್ದಳು. ಟೈಲರಮ್ಮ ಇಬ್ಬರಿಂದಲೂ ಸ್ವಲ್ಪ ದೂರದಲ್ಲಿ ಕೂತಿದ್ದಳು. ಹುಡುಗಿ ಮಾತ್ರ, “ಅಜ್ಜಿ, ಆ ಅನಿಲಕ್ಕೆ ಕ್ರಿಮಿ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ?” ಎಂದು ಕೇಳಿ ಕೇಳಿ ದೊಡ್ಡಕ್ಕನ ತಲೆ ತಿಂದಳು.

ಮರುಪರೀಕ್ಷೆಯ ದಿನ ಅಧಿಕಾರಿಯೇ ಓಣಿಯಿಂದ ಇಬ್ಬರನ್ನು ಒಳಗೆ ಕರೆಸಿದರು. ಒಬ್ಬಳು ಟೈಲರಮ್ಮ. ಕೋಣೆ ಪೂರ್ತಿ ತುಂಬಿತ್ತು. ಹಿಂಬಾಗಿಲು ಮುಚ್ಚಿತ್ತು. ಪೆಟ್ಟಿಗೆಯ ಮುಂಚಿನ ಮುಳ್ಳು ಎತ್ತರದಲ್ಲಿತ್ತು. ಎಲ್ಲರೂ ಚಿಮಣಿಯ ಮೀಟರಿನ ಮುಂದೆ ನಿಂತರು. ಮೂರು, ನಾಲ್ಕು, ಐದೂವರೆ. ಆರಕ್ಕೆ ಬಂದು ನಿಂತಿತು. ಅಧಿಕಾರಿ ಒಂದು ಸಲಕ್ಕೆ ಒಪ್ಪುವವರಲ್ಲ. ಮೂರು ದಿನ ಬಂದು ಮೂರು ಸಲ ನೋಡಿದರು. ಆರು, ಆರೂಕಾಲು, ಆರು.

“ಪಾಸು,” ಅಂದರು ಮೂರನೆಯ ದಿನ.

ಮ್ಯಾನೇಜರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. “ತಗಡಪ್ಪಾ, ಆರ್ಡರು ಟೈಪಾಗ್ತಿದೆ,” ಅಂದರು ಕಣ್ಣು ತೆಗೆಯದೆಯೇ.

“ಹೆಸರು ಸರಿಯಾಗಿ ಹಾಕ್ಸಿ ಸಾರ್. ತಗಡಪ್ಪ ಅಂತ ಹಾಕಿಬಿಟ್ಟಾರು,” ಅಂದ ಅವನು. ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ.

ಟೈಲರಮ್ಮ ಮಾತ್ರ ಮೀಟರು ಬಿಟ್ಟು ಕದಲಲಿಲ್ಲ. ಈ ಹದಿನೈದು ದಿನದಲ್ಲಿ ಅವಳು ದೊಡ್ಡಕ್ಕನ ಜೊತೆ ಆಡಿದ ಮಾತು ಬೆರಳೆಣಿಕೆಯಷ್ಟು. ಈಗ ತಿರುಗಿ ಕೇಳಿದಳು:

“ಇದು ಸೊನ್ನೆ ಯಾಕಿಲ್ಲ?”

ದೊಡ್ಡಕ್ಕ ಯೋಚಿಸಿ ಹೇಳಿದಳು: “ಕಾಳು ಎಷ್ಟೇ ನುಂಗಿದ್ರೂ ಒಂಚೂರು ದಾಟುತ್ತೆ ತಾಯಿ. ಅದು ಎತ್ತರದ ಚಿಮಣಿಯಿಂದ ಹೋಗುತ್ತೆ, ನಿಮ್ಮ ಹೊಸಿಲಿಗೆ ಬರಲ್ಲ. ಓಣಿಯ ಡಬ್ಬಿಗಳಲ್ಲಿ ಬಂದ ಲೆಕ್ಕ ಮೇಡಂ ನಿಮಗೇ ಕೊಡ್ತಾರೆ. ಈ ಆರು ಐದಾಗೋ ಹಾಗೆ ನನ್ನ ತಮ್ಮ ಇನ್ನೂ ಏನೇನೋ ಕುಟ್ತಾನೆ ಇದ್ದಾನೆ. ಆದ್ರೆ ಒಂದು ಮಾತು. ನಾವು ಯಾವತ್ತಾದ್ರೂ ಸೊನ್ನೆ ಅಂತ ಕುಣಿದ್ರೆ, ನೀವು ಮೊದಲು ಬಂದು ನಮ್ಮ ಬಾಗಿಲು ನೋಡಿ.”

ಟೈಲರಮ್ಮ ಅವಳನ್ನು ದಿಟ್ಟಿಸಿ ನೋಡಿದಳು. ಮುಖ ಪೂರ್ತಿ ಸಡಿಲವಾಗಲಿಲ್ಲ. ಆದರೆ ತುಟಿಯ ತುದಿಯಲ್ಲಿ ಏನೋ ಒಂದಿಷ್ಟು ಬಿಡಿಸಿಕೊಂಡಿತು.

“ಬರ್ತೀನಿ. ವಾರಕ್ಕೊಮ್ಮೆ ಬಂದು ನೋಡ್ತೀನಿ. ನನ್ನ ಗೇಟಲ್ಲಿ ತಡೆದ್ರೆ ಗೊತ್ತಲ್ಲ?”

“ತಡೆಯೋ ಗಂಡಸು ಇಲ್ಲಿ ಯಾರಿದ್ದಾರೆ,” ಅಂದ ತಗಡಪ್ಪ.

“ಮತ್ತೆ ನನ್ನ ಮಗಳೂ ಬರ್ತಾಳೆ. ಈ ಮುಳ್ಳು ಓದೋದು ಅವಳಿಗೆ ಕಲಿಸಿ. ನನಗೆ ಈ ಗೆರೆಗಳೆಲ್ಲ ತಲೆಗೆ ಹತ್ತಲ್ಲ.”

“ಈಗ್ಲೇ ಕಳಿಸಿ,” ಅಂದಳು ದೊಡ್ಡಕ್ಕ. “ಹತ್ತು ನಿಮಿಷದಲ್ಲಿ ಹೊಸ ಲೋಡು ಹಾಕ್ತೀವಿ. ಶುರುವಿನಿಂದ ನೋಡ್ಲಿ.”

ಟೈಲರಮ್ಮ ಮಗಳನ್ನು ಕರೆಯಲು ಓಣಿಯ ಕಡೆ ನಡೆದಳು. ದೊಡ್ಡಕ್ಕ ಚೇಂಬರಿನ ಬಳಿ ಹೋಗಿ, ಗಾಡಿಗಳನ್ನು ಒಂದೊಂದಾಗಿ ಒಳಗೆ ಸೇರಿಸಿ ಬಾಗಿಲು ಮುಚ್ಚಿ, ಹಸಿರು ಗುಂಡಿ ಒತ್ತದೆ, ಹುಡುಗಿ ಬರಲೆಂದು ಕಾಯುತ್ತ ನಿಂತಳು.